ಆಗದ ಮದುವೆಯ ಲಾಭ

ಕಲ್ಯಾಣ ಮಂಟಪಗಳ ಕಂಪನಿಯ ಮಾಲೀಕ ತನಿಖಾಧಿಕಾರಿಯ ಎದುರು ಕಣ್ಣಲ್ಲಿ ನೀರು ತರಿಸಿಕೊಂಡು ಕೂತಿದ್ದ. ಇನ್ನೂ ನಡೆಯದ ಮದುವೆಗಳ ಅಡ್ವಾನ್ಸನ್ನೆಲ್ಲ ಆದಾಯವೆಂದು ಬರೆದು, ಮುಳುಗುತ್ತಿದ್ದ ಕಂಪನಿಗೆ ಭರ್ಜರಿ ಲಾಭ ತೋರಿಸಿದ್ದ. ಅದನ್ನು ನಂಬಿ ಷೇರು ಕೊಂಡ ಜನ ಈಗ ಖಾಲಿ ಎಲೆಯ ಮುಂದೆ ಕೂತಿದ್ದರು.

“ಬೇಕಂತ ಮಾಡಿದ್ದಲ್ಲ ಸಾರ್. ನಿಯಮಕ್ಕೊಂದು ಉಪನಿಯಮ, ಅದಕ್ಕೊಂದು ತಿದ್ದುಪಡಿ, ತಿದ್ದುಪಡಿಗೊಂದು ವಿವರಣೆ. ನನ್ನಂಥ ದಡ್ಡನ ತಲೆಗೆ ಹೇಗೆ ಹತ್ತಬೇಕು?”

“ನಿಜ ಕಣ್ರೀ, ಓದಿದ್ರೆ ನಮಗೇ ತಲೆ ಕೆಡುತ್ತೆ. ಗೊತ್ತಾಗದೆ ಆದ ತಪ್ಪು ಅಂತ ಬರೆದು ಮುಗಿಸಿಬಿಡ್ತೀನಿ,” ಎಂದು ಅಧಿಕಾರಿ ಪೆನ್ನು ತೆಗೆದರು.

ಮಾಲೀಕ ಎದ್ದು ನಿಂತು ಕೈಮುಗಿದ.

ಅಧಿಕಾರಿ ಬರೆಯುತ್ತಲೇ ಹೇಳಿದರು: “ಇನ್ಮೇಲೆ ನಿಮಗೆ ಈ ಕಷ್ಟ ಇರಲ್ಲ. ನಿಯಮವನ್ನ ಒಂದೇ ಸಾಲಿಗೆ ಇಳಿಸ್ತಿದ್ದೀವಿ. ತಾಳಿ ಕಟ್ಟೋ ತನಕ ಅಡ್ವಾನ್ಸು ಆದಾಯ ಅಲ್ಲ, ಅಷ್ಟೇ. ಈ ವರ್ಷದಿಂದಲೇ ಜಾರಿ. ಮಕ್ಕಳಿಗೂ ಅರ್ಥವಾಗುತ್ತೆ, ಅಲ್ವಾ?”

ಮಾಲೀಕ ಮುಗಿದ ಕೈ ಬಿಟ್ಟು ಮೇಜಿನ ಮೇಲೆ ಬಾಗಿದ.

“ಅಯ್ಯೋ, ಹಾಗೆ ಮಾತ್ರ ಮಾಡಬೇಡಿ ಸಾರ್! ಹಳೇ ನಿಯಮವೇ ಇರಲಿ. ಅದನ್ನ ನಾನು ಅರೆದು ಕುಡಿದಿದ್ದೀನಿ!”