ಸೂತ್ರದ ಎಡ ಎಳೆ

ಪರಾಗನ ಪತಂಗ ಮೂರನೇ ಸಲವೂ ಎಡಕ್ಕೇ ಗಿರಕಿ ಹೊಡೆದು ಬೋರಲು ಬಿತ್ತು. ಸಂಕ್ರಾಂತಿಯ ಗಾಳಿಪಟದಾಟ ನೋಡಲು ಮೈದಾನಕ್ಕೆ ಬಂದಿದ್ದ ಮಗ್ಗದ ಮಾಲಕರೂ ನಕ್ಕುಬಿಟ್ಟರು.

ಆ ಪತಂಗ ಮಾರಿದವನು ಖಂಡೆಪ್ಪ. ‘ಈ ಮುದುಕನ ಕಣ್ಣಿಗಿ ಎಳಿ ಕಾಣಂಗಿಲ್ರಿ’ ಎಂದು ಮಾಲಕರ ಕಿವಿ ಊದಿ, ಇಪ್ಪತ್ತು ವರ್ಷ ನೇಯ್ದಿದ್ದ ಅವನನ್ನು ಮಗ್ಗದಿಂದ ಬಿಡಿಸಿದ್ದ ಸುಪರ್‌ವೈಸರ್ ಇದೇ ಪರಾಗ. ಬೆಳಿಗ್ಗೆ ಪತಂಗಕ್ಕೆ ಸೂತ್ರದ ದಾರ ಕಟ್ಟುವಾಗ ಖಂಡೆಪ್ಪ ಎಡಗಡೆಯ ಎಳೆಯನ್ನು ಒಂದು ಜೋಳದ ಕಾಳಿನಷ್ಟು ಗಿಡ್ಡ ಮಾಡಿ ಗಂಟು ಬಿಗಿದಿದ್ದ.

ಪರಾಗ ಬೆವರುತ್ತ ಪತಂಗ ತಂದು, ಮೈದಾನದ ಅಂಚಿಗೆ ಪತಂಗ ಮಾರುತ್ತ ಕುಳಿತಿದ್ದ ಖಂಡೆಪ್ಪನ ಮುಂದೆ ಹಿಡಿದ. “ಖಂಡೆಪ್ಪಣ್ಣ, ಎಳಿಯೊಳಗ ಏನೋ ಗಡಬಡ ಅದ, ನೋಡ್ರಿ. ನನ್ನ ಕಣ್ಣಿಗಿ ಕಾಣವಲ್ದು.”

ಖಂಡೆಪ್ಪ ಪತಂಗ ಮುಟ್ಟಲಿಲ್ಲ. “ಮಾಲಕರಿಗಿ ಕೇಳೂಹಂಗ ಇನ್ನೊಮ್ಮಿ ಹೇಳ್ರಿ, ಸಾಹೇಬ್ರ. ಯಾರ ಕಣ್ಣಿಗಿ ಎಳಿ ಕಾಣವಲ್ದು?”