ಊಂಗುಟ್ಟಿದವರು

ಕಾಗದದ ಮೇಲೆ ಮುತ್ತಯ್ಯನ ಪೆನ್ನು ಇಳಿಯಲಿಲ್ಲ. "ಇದು ನಾನು ಆಡಿದ್ದಲ್ಲ ಕಣವ್ವ," ಎಂದು, ಹಾಡು ಕೇಳಿಸುತ್ತಿದ್ದ ಪದ್ಮಿನಿಯ ಮೊಬೈಲನ್ನು ಅವಳ ಕಡೆಗೇ ಮೆಲ್ಲಗೆ ಸರಿಸಿದ.

ಪದ್ಮಿನಿಗೆ ಗಾಬರಿಯಾಯಿತು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳು ಹೋದ ವರ್ಷ ಕಾಮಗೆರೆಯ ಇದೇ ಜಗಲಿಯಲ್ಲಿ ಕುಳಿತು, ಅವನು ಹಾಡಿದ ದೇವರ ಕಥೆಯನ್ನು ಒಂಬತ್ತು ದಿನ ರೆಕಾರ್ಡ್ ಮಾಡಿಕೊಂಡಿದ್ದಳು. ಸೋಮವಾರ ಪ್ರಬಂಧ ಒಪ್ಪಿಸಬೇಕು. ಒಪ್ಪಿಗೆಯ ಕಾಗದದಲ್ಲಿ ಹಾಡಿದವನ ರುಜು ಇಲ್ಲದೆ ವಿಶ್ವವಿದ್ಯಾಲಯ ಅದನ್ನು ತೆಗೆದುಕೊಳ್ಳುವುದಿಲ್ಲ. ವಿಶ್ವವಿದ್ಯಾಲಯದ ವಾರ್ತಾಪತ್ರದಲ್ಲಿ ಮುತ್ತಯ್ಯನ ಫೋಟೊ ಸಮೇತ ಸುದ್ದಿಯೂ ಬಂದಾಗಿತ್ತು.

"ದನಿ ನಿಮ್ಮದೇ ಅಲ್ವಾ ತಾತ?"

"ದನಿ ನಂದೆಯಾ. ಊಂಗುಟ್ಟೋಳು ಎಲ್ಲವಳೆ?"

ಆಗ ಅವಳಿಗೆ ಹೊಳೆಯಿತು. ಒಂದೊಂದು ಸೊಲ್ಲು ಮುಗಿದಾಗಲೂ ಮುತ್ತಯ್ಯನ ಹೆಂಡತಿ ದೊಡ್ಡಬಸಮ್ಮ ಪಕ್ಕದಲ್ಲಿ ಕುಳಿತು "ಊಂ" ಎನ್ನುತ್ತಿದ್ದಳು. ಅದು ಅಡ್ಡ ಸದ್ದು, ತೆಗೆದುಹಾಕು ಎಂದಿದ್ದರು ಮಾರ್ಗದರ್ಶಕರು. ಪದ್ಮಿನಿ ಮೂರು ವಾರ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದನ್ನೇ ಹುಡುಕಿ ಅಳಿಸಿದ್ದಳು. ಊಂಗುಟ್ಟುವವರಿಲ್ಲದೆ ದೇವರ ಕಥೆ ಹಾಡಬಾರದು ಎಂದ ಮುತ್ತಯ್ಯ. ಒಮ್ಮೆ ಹಾಡಿನ ನಡುವೆ ದೊಡ್ಡಬಸಮ್ಮ ತೂಕಡಿಸಿಬಿಟ್ಟಾಗ ತಾನು ಅಲ್ಲಿಗೇ ನಿಲ್ಲಿಸಿದ್ದನಂತೆ. ಅವಳು ಕಣ್ಣು ಬಿಡುವ ತನಕ ಊರೆಲ್ಲ ಕಾದಿತ್ತಂತೆ.

ದೊಡ್ಡಬಸಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಪದ್ಮಿನಿ ಅವಳ ಕಡೆ ತಿರುಗಿ, ಅಳಿಸದ ರೆಕಾರ್ಡಿಂಗ್ ಇನ್ನೂ ಇದೆ ಎಂದಳು. "ಊಂ," ಎಂದಳು ದೊಡ್ಡಬಸಮ್ಮ. ಆದರೆ ಎಲ್ಲವನ್ನೂ ತಿದ್ದಲು ತಿಂಗಳು ಬೇಕು. "ಊಂ." ಮಾರ್ಗದರ್ಶಕರು ಸಿಟ್ಟಾಗುತ್ತಾರೆ. "ಊಂ." ಹಾಗೇ ಹೇಳುತ್ತ ಹೇಳುತ್ತ, ಹಾಸ್ಟೆಲಿನ ಗೆಳತಿಯರಿಗೂ ಹೇಳದಿದ್ದುದು ಬಾಯಿಗೆ ಬಂದುಬಿಟ್ಟಿತು: ಎರಡು ಸಲ ಅವಳು ಸಂಶೋಧನೆಯನ್ನೇ ಬಿಟ್ಟು ಮನೆಗೆ ಹೊರಡಲು ಬಟ್ಟೆ ಜೋಡಿಸಿಕೊಂಡಿದ್ದಳು. ಹೇಳಿ ಮುಗಿಸಿದಾಗ ಮೊರ ನಿಂತಿತ್ತು.

ಪದ್ಮಿನಿ ಕಣ್ಣೊರೆಸಿಕೊಂಡು ಕಾಗದ ತೆಗೆದುಕೊಂಡಳು. 'ಹಾಡಿದವರು' ಎಂಬುದರ ಕೆಳಗೆ ಕೈಯಲ್ಲೇ ಇನ್ನೊಂದು ಗೆರೆ ಎಳೆದು 'ಊಂಗುಟ್ಟಿದವರು' ಎಂದು ಬರೆದಳು. ಬರೆದದ್ದನ್ನು ಓದಿ ಹೇಳಿ, ಅಳಿಸಿದ 'ಊಂ'ಗಳನ್ನೆಲ್ಲ ಮತ್ತೆ ಸೇರಿಸುತ್ತೇನೆ ಎಂದಳು. ಸೋಮವಾರ ಒಪ್ಪಿಸಬೇಕೆಂಬ ಮಾತನ್ನು ಎತ್ತಲಿಲ್ಲ. ಮುತ್ತಯ್ಯ ಪೆನ್ನಿಗೆ ಕೈ ಚಾಚಿದ.

ಪ್ರಬಂಧದಲ್ಲಿ ನಿಮ್ಮ ಬಗ್ಗೆಯೂ ನಾಲ್ಕು ಮಾತು ಬರೆಯಬೇಕು ಎಂದು ಪದ್ಮಿನಿ ಮೊಬೈಲನ್ನು ದೊಡ್ಡಬಸಮ್ಮನ ಮುಂದಿಟ್ಟಳು.

"ನಂದೇನದವ್ವ ಯೋಳಕ್ಕೆ?" ದೊಡ್ಡಬಸಮ್ಮ ಮೊರದೊಳಗಿನ ರಾಗಿಯನ್ನು ಬೆರಳಿಂದ ಹರಡಿದಳು, ಮತ್ತೆ ಗುಡ್ಡೆ ಮಾಡಿದಳು. "ಯಳಂದೂರಿಂದ ಮದ್ವೆಯಾಗಿ ಬಂದಾಗ... ನಂಗೂ ಒಂದು ಕತೆ ಆಡಕ್ಕೆ ಬತ್ತಿತ್ತು."

ಅಷ್ಟು ಹೇಳಿ, ಮುಂದೆ ಹೇಗೆ ಹೇಳುವುದೆಂದು ತಿಳಿಯದವಳಂತೆ ಮಾತು ನಿಲ್ಲಿಸಿದಳು.

ಮುತ್ತಯ್ಯ ರುಜು ಹಾಕುತ್ತಿದ್ದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, "ಊಂ," ಎಂದ.