ಸುರುಳಿಯ ಮೇಲಿನ ಗೀರು

ದೂರದರ್ಶಕ ತೆರೆದಿರುವಾಗ ಬೆಳಕು ಮಾಡಿದವರ ಕೈ ಮುರಿಯಬೇಕೆಂಬುದು ಆ ನಾಡಿನ ಕಾನೂನು. ಗುಡ್ಡದ ಕತ್ತಲೆ ಕಾಯುವ ಯಮನಪ್ಪ ಹನ್ನೊಂದು ವರ್ಷದಲ್ಲಿ ಎಷ್ಟು ಕೈ ಮುರಿದಿದ್ದನೋ, ಅವನಿಗೇ ನೆನಪಿರಲಿಲ್ಲ. ನಿನ್ನೆ ರಾತ್ರಿ ದೂರದರ್ಶಕದ ಪಕ್ಕದಲ್ಲೇ ಬೀಡಿ ಸೇದುತ್ತಿದ್ದ ಅಡುಗೆಯ ಗುರಪ್ಪನ ಬಲಗೈಯನ್ನು ಬಂಡೆಗೆ ಒತ್ತಿ ಹಿಡಿದು, ಕಬ್ಬಿಣದ ಸಲಾಕೆಯಿಂದ ಬಡಿದಿದ್ದ. ಮೊದಲ ಏಟು ತಪ್ಪಿ ಬಂಡೆಗೆ ಬಿದ್ದಿತ್ತು. ಎರಡನೆಯದಕ್ಕೆ ಎಲುಬು ಲಟಕ್ಕನೆ ಮುರಿದಿತ್ತು.

ಬೆಳಿಗ್ಗೆ, ದೂರದರ್ಶಕದಿಂದ ಆಕಾಶದ ಫೋಟೊ ತೆಗೆಯುವ ರುದ್ರಕ್ಕ ರಾತ್ರಿ ತೆಗೆದು ತೊಳೆದಿದ್ದ ಗಾಜಿನ ಪ್ಲೇಟನ್ನು ಬಿಸಿಲಿಗೆ ಹಿಡಿದಳು. ಸಪ್ತರ್ಷಿಗಳ ಬಾಲದ ಹತ್ತಿರದ ಸುರುಳಿ ಗ್ಯಾಲಕ್ಸಿ ಚೆಂದವಾಗಿ ಮೂಡಿತ್ತು. ಅದರ ಎದೆಯ ಮೇಲೆ ಉದ್ದಕ್ಕೆ ಒಂದು ಗೀರು.

"ನೋಡ್ರಿ ಅಕ್ಕಾರ, ಇವನ ಬೀಡಿ!" ಎಂದ ಯಮನಪ್ಪ, ಮುರಿದ ಕೈ ಕಟ್ಟಿಕೊಂಡು ಕೂತಿದ್ದ ಗುರಪ್ಪನತ್ತ ಸಲಾಕೆ ಚಾಚಿ. "ಇನ್ನೊಂದು ಕೈನೂ ಮುರೀತೀನಿ."

"ಬೀಡಿ ಕೆಂಪು ಈ ಪ್ಲೇಟಿಗೆ ಕಾಣೂದಿಲ್ಲೋ ತಮ್ಮಾ. ಇದು ಬಿಳಿ ಕಿಡಿ. ಕಬ್ಬಿಣ ಕಲ್ಲಿಗೆ ಬಡಿದಾಗ ಹಾರಿದ್ದು."

ಕಾನೂನು ಯಮನಪ್ಪನಿಗೆ ಬಾಯಿಪಾಠ. ಸಲಾಕೆಯನ್ನು ಗುರಪ್ಪನಿಗೆ ಕೊಟ್ಟು, ತಾನೇ ಬಂಡೆಯ ಮೇಲೆ ಬಲಗೈ ಇಟ್ಟ.

"ಒಂದ ಏಟಿಗೆ ಮುಗಿಸೋ," ಎಂದ.

ಗುರಪ್ಪ ಸಲಾಕೆ ಎತ್ತಿದ. "ಎಡಗೈ ರೂಢಿ ಇಲ್ಲೋ ಯಮನಪ್ಪ. ಎಷ್ಟು ಏಟು ತಪ್ಪತಾವೋ ಏನೋ!"